ಉಪ್ಪು ನೀರಿನ ಬಾವಿಗಳ ಕೆಳಗೆ ಒಂದು ಕುಳಿ

ನಿಮ್ಮಲ್ಲಿ ಯಾರ ಮಕ್ಕಳಾದರೂ ಅಮೆರಿಕದ ವರ್ಜೀನಿಯಾದಲ್ಲಿದ್ದಾರಾ? ಕೈ ಎತ್ತಿ ನೋಡೋಣ. ಮೂರು, ನಾಲ್ಕು, ಹಿಂದೆ ಇನ್ನೊಬ್ಬರು. ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಇದ್ದೀರಿ. ನೀವು ಅಲ್ಲಿಗೆ ಹೋದಾಗ ಒಂದು ಭಾನುವಾರ ವರ್ಜೀನಿಯಾ ಬೀಚಿಗೆ ಕರೆದುಕೊಂಡು ಹೋಗಿರುತ್ತಾರೆ. ಅಲ್ಲಿಂದ ಉತ್ತರಕ್ಕೆ, ಚೆಸಪೀಕ್ ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಒಂದು ರಸ್ತೆ ಇದೆ. ಸುಮಾರು 28 ಕಿ.ಮೀ. ಉದ್ದ. ಸ್ವಲ್ಪ ದೂರ ಸೇತುವೆ, ಹಡಗು ಓಡಾಡುವ ಕಡೆ ನೀರಿನಡಿ ಸುರಂಗ, ಮತ್ತೆ ಸೇತುವೆ. ಆಚೆ ದಡ ಮುಟ್ಟಿ ಇನ್ನೂ ಸ್ವಲ್ಪ ಮುಂದೆ ಹೋದರೆ ಕೇಪ್ ಚಾರ್ಲ್ಸ್ ಅನ್ನುವ ಪುಟ್ಟ ಊರು. ಮರಳು, ದೋಣಿ, ಗಾಳಿ. ಫೋಟೊ ತೆಗೆದುಕೊಂಡು ವಾಪಸ್ ಬಂದಿರುತ್ತೀರಿ.

ಆ ದಾರಿಯಲ್ಲಿ ನೀವು ಓಡಾಡಿದ್ದು ಒಂದು ಕುಳಿಯ ಮೇಲೆ. ಆಕಾಶದಿಂದ ಬಿದ್ದ ಬಂಡೆಯೊಂದು ಸುಮಾರು 3.5 ಕೋಟಿ ವರ್ಷದ ಹಿಂದೆ ತೋಡಿದ ಕುಳಿ. ಅದರ ಅಗಲ ಸುಮಾರು 85 ಕಿ.ಮೀ. ಬೆಂಗಳೂರಲ್ಲಿ ಬಸ್ ಹತ್ತಿ ಮದ್ದೂರಲ್ಲಿ ವಡೆ ತಿನ್ನಲು ಇಳಿದರೆ, ಹೆಚ್ಚುಕಡಿಮೆ ಅಷ್ಟು ದೂರ. ಕೇಪ್ ಚಾರ್ಲ್ಸ್ ಇರುವುದು ಅದರ ನಡುಮಧ್ಯದ ಹತ್ತಿರ. ಆದರೆ ನಿಮಗೆ ಏನೂ ಕಾಣಿಸಿರುವುದಿಲ್ಲ. ನಿಮಗೆ ಮಾತ್ರ ಅಲ್ಲ, 1990ರ ದಶಕದವರೆಗೆ ಅದು ಯಾರಿಗೂ ಕಾಣಿಸಿರಲಿಲ್ಲ. ಅದರ ಮೇಲೆ 300ರಿಂದ 500 ಮೀಟರ್ ದಪ್ಪ ಮರಳು, ಜೇಡಿಮಣ್ಣು, ಕಪ್ಪೆಚಿಪ್ಪು ಪದರಪದರವಾಗಿ ಕೂತಿದೆ.

ಇಲ್ಲೇ ಒಂದು ತಪ್ಪು ತಿಳಿವಳಿಕೆ ತೆಗೆದುಹಾಕಿಬಿಡೋಣ. ಮ್ಯಾಪ್ ನೋಡಿದವರು "ಓಹೋ, ಆ ಕೊಲ್ಲಿಯೇ ಕುಳಿ" ಅಂದುಕೊಳ್ಳುತ್ತಾರೆ. ಅಲ್ಲ. ಕೊಲ್ಲಿ ಆಗಿದ್ದು ನಿನ್ನೆ ಮೊನ್ನೆ. ಹಿಮಯುಗ ಮುಗಿದು, ಮಂಜು ಕರಗಿ, ಸಮುದ್ರ ಮೇಲೇರಿದಾಗ ಸಸ್ಕ್ವೆಹಾನಾ ನದಿಯ ಕಣಿವೆ ಮುಳುಗಿ ಆದದ್ದು ಈ ಕೊಲ್ಲಿ. ಅದಕ್ಕೆ ಹತ್ತು ಸಾವಿರ ವರ್ಷದ ಲೆಕ್ಕ. ಕುಳಿಗೆ ಕೋಟಿಗಳ ಲೆಕ್ಕ. ಇಬ್ಬರೂ ಒಂದೇ ಜಾಗದಲ್ಲಿ ಬಂದು ಕೂತಿರುವುದು ಪೂರ್ತಿ ಕಾಕತಾಳೀಯವೂ ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಉಲ್ಕೆ ಬಿದ್ದ ಕುಳಿ ಅಂದರೆ ನಮಗೆ ತಟ್ಟನೆ ನೆನಪಾಗುವುದು ಮಹಾರಾಷ್ಟ್ರದ ಲೋಣಾರ್. 1.8 ಕಿ.ಮೀ. ಅಗಲ, ದುಂಡಗೆ, ಒಳಗೆ ಸರೋವರ. ಅಂಚಿನಲ್ಲಿ ನಿಂತರೆ ಮಗುವಿಗೂ ಅದು ಕುಳಿ ಅಂತ ಗೊತ್ತಾಗುತ್ತದೆ. ಆದರೆ ಭೂಮಿಯ ಮೇಲೆ ಅಂಥ ಅದೃಷ್ಟ ಕಡಿಮೆ. ಚಂದ್ರನ ಮುಖದ ಮೇಲೆ ಸಿಡುಬಿನ ಕಲೆಯ ಹಾಗೆ ಎಲ್ಲೆಲ್ಲೂ ಕುಳಿಗಳಿವೆ. ಇಲ್ಲಿ ಖಚಿತವಾಗಿರುವುದು ಸುಮಾರು 200 ಮಾತ್ರ. ಬಿದ್ದಿದ್ದು ಕಡಿಮೆ ಅಂತಲ್ಲ. ಮಳೆ ತೊಳೆದುಬಿಡುತ್ತದೆ, ನದಿ ಕೊರೆದುಬಿಡುತ್ತದೆ. ಹಾಗಾಗಿ ಕುಳಿಯೊಂದು ಕೋಟ್ಯಂತರ ವರ್ಷ ಉಳಿಯಬೇಕಾದರೆ ಹೂತುಹೋಗುವುದೇ ಒಳ್ಳೆಯದು. ಹಳೇ ಕಾಲದವರು ಚಿನ್ನವನ್ನು ನೆಲದಲ್ಲಿ ಹೂತಿಡುತ್ತಿದ್ದರಲ್ಲ, ಹಾಗೆ. ತೊಂದರೆ ಒಂದೇ, ಹೂತವರು ಹೇಳದೆ ಹೋದರೆ ಹುಡುಕುವುದು ಹೇಗೆ?

ನಾನು ಅಂತರ್ಜಲದ ಕೆಲಸ ಮಾಡಿಕೊಂಡು ಬಂದವನು. ಈ ಕಥೆ ನನಗೆ ಹಿಡಿಸಿದ್ದು ಉಲ್ಕೆಗಾಗಿ ಅಲ್ಲ, ಬಾವಿಗಳಿಗಾಗಿ.

ಉಡುಪಿ, ಕುಂದಾಪುರದ ಕಡೆಯವರು ಇದ್ದರೆ ನಿಮಗೆ ಗೊತ್ತು. ಏಪ್ರಿಲ್ ಬಂತೆಂದರೆ ಕಡಲ ಪಕ್ಕದ ಬಾವಿಗಳಲ್ಲಿ ನೀರು ಉಪ್ಪಾಗುತ್ತದೆ. ಸಿಹಿನೀರಿನ ಒತ್ತಡ ಕಡಿಮೆಯಾದಾಗ ಕಡಲ ನೀರು ಒಳಗೆ ನುಗ್ಗುತ್ತದೆ. ಕಡಲಿನಿಂದ ದೂರ ಹೋದಂತೆ ಉಪ್ಪು ಕಡಿಮೆ. ಎಲ್ಲ ಕಡೆಯೂ ಇದೇ ಲೆಕ್ಕ. ವರ್ಜೀನಿಯಾದಲ್ಲಿ ಈ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಕಡಲಿಂದ ಹತ್ತಾರು ಕಿ.ಮೀ. ಒಳಗಿದ್ದ ಊರುಗಳಲ್ಲೂ ಆಳಕ್ಕೆ ಕೊರೆದರೆ ಉಪ್ಪು ನೀರು. ಸ್ವಲ್ಪ ಪಕ್ಕದ ಇನ್ನೊಂದು ಊರಲ್ಲಿ ಅದೇ ಆಳಕ್ಕೆ ಒಳ್ಳೆಯ ಸಿಹಿನೀರು. ನಮ್ಮಲ್ಲಾಗಿದ್ದರೆ ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡಿದವನನ್ನು ಬೈಯುತ್ತಿದ್ದೆವು, ಅಲ್ವಾ?

1940ರ ದಶಕದಲ್ಲಿ ಸೆಡರ್‌ಸ್ಟ್ರಾಮ್ ಎಂಬ ಭೂಜಲವಿಜ್ಞಾನಿ ಆ ಪ್ರದೇಶದ ಬಾವಿಗಳನ್ನೆಲ್ಲ ನೋಡಿ, ನೀರಿನ ಉಪ್ಪನ್ನೂ ಮಣ್ಣಿನ ಪದರಗಳನ್ನೂ ಬರೆದಿಟ್ಟ. ಇಲ್ಲಿ ನೆಲದ ಕೆಳಗೆ ಏನೋ ಕುಸಿದು ತಗ್ಗಾಗಿದೆ ಎಂದು ಆತನಿಗೆ ಅನ್ನಿಸಿತ್ತು. ಭೂಮಿ ಬಿರುಕು ಬಿಟ್ಟು ಕುಸಿದಿರಬೇಕು ಅಂದುಕೊಂಡ. ತಗ್ಗು ಇದೆ ಅನ್ನುವುದು ಸರಿಯಾಗಿತ್ತು. ಅದು ಆಕಾಶದಿಂದ ಆಗಿರಬಹುದು ಅಂತ ಊಹಿಸಲು ಆ ಕಾಲದಲ್ಲಿ ಯಾರಿಗೂ ಕಾರಣ ಇರಲಿಲ್ಲ. ನನಗೆ ಆತನ ಮೇಲೆ ಬಹಳ ಗೌರವ. ಉತ್ತರ ಸಿಗದಿದ್ದರೂ ಲೆಕ್ಕ ಸರಿಯಾಗಿ ಬರೆದಿಟ್ಟ.

ಈಗ 1983ಕ್ಕೆ ಬರೋಣ. ಗ್ಲೋಮಾರ್ ಚಾಲೆಂಜರ್ ಅನ್ನುವ ಹಡಗು ನ್ಯೂಜೆರ್ಸಿ ತೀರದಾಚೆ ಸಮುದ್ರದ ತಳ ಕೊರೆಯುತ್ತಿತ್ತು. ಆ ತಂಡದ ಮುಖ್ಯಸ್ಥರಲ್ಲಿ ಒಬ್ಬ ವೈಲಿ ಪೋಗ್, ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯವ. ಆತನ ಪರಿಣತಿ ಕಣ್ಣಿಗೆ ಕಾಣದಷ್ಟು ಸಣ್ಣ ಕಡಲಜೀವಿಗಳ ಚಿಪ್ಪು ನೋಡಿ ಮಣ್ಣಿನ ವಯಸ್ಸು ಹೇಳುವುದು. ಅಲ್ಲಿ ಒಂದು ತೆಳುವಾದ ಪದರ ಸಿಕ್ಕಿತು. ಅದರೊಳಗೆ ಸಣ್ಣ ಸಣ್ಣ ಗಾಜಿನ ಮಣಿಗಳು. ಇವಕ್ಕೆ ಟೆಕ್ಟೈಟ್ ಎನ್ನುತ್ತಾರೆ. ಉಲ್ಕೆ ಬಡಿದಾಗ ನೆಲದ ಮಣ್ಣೇ ಕರಗಿ, ಹನಿಹನಿಯಾಗಿ ಆಕಾಶಕ್ಕೆ ಎಗರಿ, ತಣ್ಣಗಾಗಿ ಗಾಜಾಗಿ ಬೀಳುತ್ತದೆ. ಎಲ್ಲೋ ಬಿದ್ದಿದೆ ಅನ್ನುವುದು ಗೊತ್ತಾಯಿತು. ಎಲ್ಲಿ?

1986. ವರ್ಜೀನಿಯಾದ ಎಕ್ಸ್‌ಮೋರ್ ಅನ್ನುವ ಊರಿನಲ್ಲಿ ಸರ್ಕಾರದವರು ಅಂತರ್ಜಲ ತಿಳಿಯಲು ಒಂದು ತೂತು ಕೊರೆದರು. ಇದು ನಮ್ಮ ಬೋರ್‌ವೆಲ್ ಲಾರಿಯ ಹಾಗಲ್ಲ. ನಮ್ಮದರಲ್ಲಿ ಕಲ್ಲೆಲ್ಲ ಪುಡಿಯಾಗಿ ಹೊಗೆ ಎದ್ದು ಬರುತ್ತದೆ, ಇಡೀ ಬೀದಿಗೆ ಬೂದಿ ಬಳಿಯುತ್ತದೆ. ಇದು ಕೋರ್ ತೆಗೆಯುವುದು. ಮಂಡಿಯಲ್ಲಿ ಅಕ್ಕಿ ಮೂಟೆಗೆ ಟೊಳ್ಳು ಕಬ್ಬಿಣ ಚುಚ್ಚಿ ಸ್ಯಾಂಪಲ್ ತೆಗೆಯುತ್ತಾರೆ ನೋಡಿ, ಆ ಥರ. ನೆಲದ ಪದರಗಳು ಇದ್ದದ್ದು ಇದ್ದ ಹಾಗೇ ಉದ್ದನೆಯ ಕೋಲಾಗಿ ಹೊರಗೆ ಬರುತ್ತವೆ.

ಮೇಲಿನ ಪದರಗಳೆಲ್ಲ ಶಿಸ್ತಾಗಿ ಬಂದವು. ಆಮೇಲೆ ಇದ್ದಕ್ಕಿದ್ದಂತೆ ಕಲಸುಮೇಲೋಗರ. ಸುಮಾರು 60 ಮೀಟರ್ ದಪ್ಪಕ್ಕೆ ದೊಡ್ಡ ದೊಡ್ಡ ಮಣ್ಣಿನ ಗಡ್ಡೆ, ಕಲ್ಲು, ಮರಳು ಒಟ್ಟಿಗೆ ಕಲಸಿಕೊಂಡಿವೆ. ಡೇವಿಡ್ ಪವರ್ಸ್ ಎಂಬ ಭೂವಿಜ್ಞಾನಿ ಮತ್ತು ಜೊತೆಯವರು ವಯಸ್ಸು ತಿಳಿಯಲು ಇದನ್ನು ಪೋಗ್‌ಗೆ ಕಳಿಸಿದರು. ಆತನಿಗೂ ತಲೆ ಕೆಟ್ಟಿತು. ಒಂದೇ ಹಿಡಿ ಮಣ್ಣಿನಲ್ಲಿ ಬೇರೆ ಬೇರೆ ಕಾಲದ ಚಿಪ್ಪುಗಳು, ಡೈನೊಸಾರ್‌ಗಳ ಕಾಲದ್ದೂ ಇದೆ, ಅದಾದ ಮೇಲಿನದ್ದೂ ಇದೆ.

ಇದು ಯಾಕೆ ವಿಚಿತ್ರ? ಮನೆಯಲ್ಲಿ ಹಳೇ ಪೇಪರ್ ಒಟ್ಟುತ್ತೀರಲ್ಲ, ಕೆಳಗೆ ಜನವರಿ, ಮೇಲೆ ಜೂನ್. ಯಾರೂ ಮುಟ್ಟದಿದ್ದರೆ ಅದೇ ಕ್ರಮ. ಪದರಶಿಲೆ ಅಂದರೆ ಭೂಮಿ ಒಟ್ಟಿಟ್ಟ ಪೇಪರ್ ಕಟ್ಟು. ಒಂದು ದಿನ ನೋಡಿದರೆ ಜನವರಿ, ಮೇ, ಹೋದ ವರ್ಷದ ಯುಗಾದಿ ಪುರವಣಿ ಎಲ್ಲ ಹರಿದು ಚೂರಾಗಿ ಒಂದೇ ರಾಶಿ. ಮನೆಯಲ್ಲಿ ಸಣ್ಣ ಮಗು ಇದ್ದರೆ ಕಾರಣ ಕೇಳಬೇಕಿಲ್ಲ. ಕಡಲ ತಳದಲ್ಲಿ ಆ ಮಗು ಯಾರು?

ಪೋಗ್ ಮೊದಲು ಊಹಿಸಿದ್ದು ಅರ್ಧ ತಪ್ಪು. ಉಲ್ಕೆ ಬಿದ್ದದ್ದು ನ್ಯೂಜೆರ್ಸಿಯಾಚೆ ಸಮುದ್ರದಲ್ಲಿ, ಅಲ್ಲಿಂದ ಎದ್ದ ಸುನಾಮಿ ವರ್ಜೀನಿಯಾದವರೆಗೆ ಬಂದು ಈ ಕಸ ತಂದು ಹಾಕಿದೆ ಎಂದು ಆತನ ತಂಡ ಬರೆಯಿತು. ಗಾಜಿನ ಮಣಿ ಸಿಕ್ಕಿದ್ದು ಅಲ್ಲೇ ತಾನೇ, ತರ್ಕ ಸರಿಯಾಗಿಯೇ ಇತ್ತು. ಕಾಲಡಿಯೇ ಕುಳಿ ಇದೆ ಅಂತ ಹೊಳೆಯಲಿಲ್ಲ.

ಹೊಳೆಯುವಂತೆ ಮಾಡಿದ್ದು ತೈಲ ಕಂಪನಿಗಳು. ಟೆಕ್ಸಾಕೊ ಮುಂತಾದವರು ಕೊಲ್ಲಿಯಲ್ಲಿ ಎಣ್ಣೆ ಇದೆಯಾ ಅಂತ ಸೀಸ್ಮಿಕ್ ಸರ್ವೆ ಮಾಡಿಸಿದ್ದರು. ಹಲಸಿನ ಹಣ್ಣನ್ನು ಬೆರಳಲ್ಲಿ ತಟ್ಟಿ, ಸದ್ದು ಕೇಳಿ ಹಣ್ಣಾಗಿದೆಯಾ ಅಂತ ಹೇಳುತ್ತೇವಲ್ಲ, ಅದೇ ಕೆಲಸ. ನೀರಿನಲ್ಲಿ ಗಾಳಿಯ ಸ್ಫೋಟ ಮಾಡಿ, ಕೆಳಗಿನ ಪದರಗಳಿಗೆ ಬಡಿದು ವಾಪಸ್ ಬರುವ ಸದ್ದನ್ನು ಬರೆದುಕೊಳ್ಳುವುದು. ಎಣ್ಣೆ ಸಿಗಲಿಲ್ಲ. 1993ರಲ್ಲಿ ಆ ದಾಖಲೆ ಪೋಗ್ ಕೈಗೆ ಬಂತು. ಹರಡಿ ನೋಡಿದರೆ ಪದರಗಳು ನೇರವಾಗಿ ಬರುತ್ತವೆ, ಒಂದು ಕಡೆ ಕತ್ತರಿಸಿದ ಹಾಗೆ ನಿಲ್ಲುತ್ತವೆ, ಒಳಗೆಲ್ಲ ಗಲಿಬಿಲಿ, ಆಚೆ ಅಂಚಿನಲ್ಲಿ ಮತ್ತೆ ನೇರ. ಕುಳಿಯ ಅಂಚು. ಅದನ್ನು ಮ್ಯಾಪಿನ ಮೇಲೆ ಎಳೆದರೆ ಉಪ್ಪು ನೀರಿನ ಬಾವಿಗಳು ಇರುವ ಜಾಗವೂ ಅದೇ! ಮರುವರ್ಷ, 1994ರಲ್ಲಿ, ಪೋಗ್, ಪವರ್ಸ್ ಮತ್ತು ಸಂಗಡಿಗರ ಪ್ರಬಂಧ ಬಂತು.

ದುಂಡಗಿದ್ದ ಮಾತ್ರಕ್ಕೆ ಉಲ್ಕೆಯ ಕುಳಿ ಅಂತ ಯಾರೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಸಾಕ್ಷಿ ಬೇಕು. ಆ ಸಾಕ್ಷಿ ನಮ್ಮ ಹೊಲದಲ್ಲೆಲ್ಲ ಬಿದ್ದಿರುವ ಬೆಣಚುಕಲ್ಲು. ಬೆಣಚುಕಲ್ಲಿನ ಕಣಕ್ಕೆ ಭಯಂಕರ ಒತ್ತಡ ಒಂದೇ ಕ್ಷಣ ಬಿದ್ದರೆ ಅದರೊಳಗೆ ಒಂದರ ಪಕ್ಕ ಒಂದು ತೆಳು ಗೆರೆಗಳು ಮೂಡುತ್ತವೆ. ಸೂಕ್ಷ್ಮದರ್ಶಕದಲ್ಲಿ ರೂಲ್ಡ್ ಹಾಳೆಯ ಹಾಗೆ ಕಾಣುತ್ತವೆ. ಜ್ವಾಲಾಮುಖಿಯಿಂದ ಆಗುವುದಿಲ್ಲ, ಭೂಕಂಪದಿಂದ ಆಗುವುದಿಲ್ಲ. ಉಲ್ಕೆ ಬಡಿದ ಕಡೆ, ಇಲ್ಲವೇ ಅಣುಬಾಂಬು ಸಿಡಿಸಿದ ಕಡೆ ಮಾತ್ರ. ಎಕ್ಸ್‌ಮೋರ್ ರಾಶಿಯಲ್ಲಿ ಅಂಥ ಕಣಗಳು ಸಿಕ್ಕವು. ಇನ್ನೊಂದು ಹಳೇ ಒಗಟೂ ಅದರ ಜೊತೆ ಬಗೆಹರಿಯಿತು. ಟೆಕ್ಸಾಸ್‌ನಲ್ಲಿ, ಜಾರ್ಜಿಯಾ ರಾಜ್ಯದಲ್ಲಿ ಇದೇ ವಯಸ್ಸಿನ ಟೆಕ್ಟೈಟ್‌ಗಳು ಸಿಗುತ್ತಿದ್ದವು, ಎಲ್ಲಿಂದ ಬಂದವು ಅಂತ ಗೊತ್ತಿರಲಿಲ್ಲ. ಟೆಕ್ಸಾಸ್ ಅಂದರೆ ಇಲ್ಲಿಂದ ಸುಮಾರು 2,000 ಕಿ.ಮೀ. ವರ್ಜೀನಿಯಾದ ಮಣ್ಣು ಗಾಜಾಗಿ ಅಲ್ಲಿಗೆ ಹಾರಿಹೋಗಿತ್ತು.

ಆ ದಿನ ಆಗಿದ್ದೇನು? ಆಗ ಕಡಲತೀರ ಈಗಿನ ರಿಚ್‌ಮಂಡ್ ನಗರದ ಹತ್ತಿರ ಇತ್ತು. ಈಗಿನ ಕೇಪ್ ಚಾರ್ಲ್ಸ್ ಇರುವ ಜಾಗದಲ್ಲಿ ಸಮುದ್ರ. ಅದರ ಕೆಳಗೆ ನೂರಾರು ಮೀಟರ್ ಒದ್ದೆ ಮರಳು, ಜೇಡಿ. ಅದರ ಕೆಳಗೆ ಗ್ರಾನೈಟ್‌ನಂಥ ಗಟ್ಟಿ ಬಂಡೆ. ಎರಡು ಮೂರು ಕಿ.ಮೀ. ಗಾತ್ರದ ಬಂಡೆಯೊಂದು ಸೆಕೆಂಡಿಗೆ ಸುಮಾರು 20 ಕಿ.ಮೀ. ವೇಗದಲ್ಲಿ ಬಂತು ಅನ್ನುವುದು ಅಂದಾಜು. ನೀರನ್ನೂ ಮರಳನ್ನೂ ಸೀಳಿ ನೇರ ಗ್ರಾನೈಟ್‌ಗೆ ಬಡಿಯಿತು. ಬಂದ ಬಂಡೆಯ ಬಹುಪಾಲು ಆವಿಯಾಗಿ ಹೋಯಿತು. ಹಾಗಾಗಿ "ಆ ಕಲ್ಲು ಎಲ್ಲಿದೆ ಸಾರ್, ತೋರಿಸಿ" ಅಂತ ಕೇಳಿದರೆ ತೋರಿಸಲು ಏನೂ ಇಲ್ಲ.

ನಡುವಿನ ಆಳದ ಕುಳಿ ಸುಮಾರು 40 ಕಿ.ಮೀ. ಅಗಲ. ಮತ್ತೆ 85 ಕಿ.ಮೀ. ಹೇಗಾಯಿತು? ಒದ್ದೆ ಮರಳಲ್ಲಿ ಗುಂಡಿ ತೋಡಿದ್ದೀರಲ್ಲ, ಮಲ್ಪೆಯಲ್ಲೋ ಕಾರವಾರದಲ್ಲೋ. ನೀವು ಒಂದಡಿ ತೋಡಿದರೆ ಸುತ್ತಲಿನ ಮರಳು ಜರಿದು ಎರಡಡಿ ಆಗುತ್ತದೆ. ಇಲ್ಲಿಯೂ ಹಾಗೇ, ಸುತ್ತಲಿನ ಮೆತ್ತನೆ ಪದರಗಳು ಮನೆ ಗಾತ್ರದ, ಬೆಟ್ಟದ ಗಾತ್ರದ ಹೆಂಟೆಗಳಾಗಿ ಒಳಕ್ಕೆ ಜರಿದವು. ಹಿಂದೆಯೇ ಸಮುದ್ರ ವಾಪಸ್ ನುಗ್ಗಿತು. ಹೊರಕ್ಕೆ ಎಗರಿದ್ದ ಕಸವನ್ನೆಲ್ಲ ಬಾಚಿ ತಂದು ಅದೇ ಗುಂಡಿಗೆ ತುಂಬಿತು. ಎಕ್ಸ್‌ಮೋರ್‌ನಲ್ಲಿ ಸಿಕ್ಕ ಕಲಸುಮೇಲೋಗರ ಅದೇ. ಆಮೇಲೆ ಸಮುದ್ರ ಶಾಂತವಾಯಿತು, ಪದರದ ಮೇಲೆ ಪದರ ಮಣ್ಣು ಕೂತಿತು, ಕಥೆ ಮುಚ್ಚಿಹೋಯಿತು.

2005-06ರಲ್ಲಿ ಇದನ್ನು ನೋಡಲೆಂದೇ ಕೇಪ್ ಚಾರ್ಲ್ಸ್ ಹತ್ತಿರ ಐರ್‌ವಿಲ್ ಅನ್ನುವ ಜಾಗದಲ್ಲಿ ಆಳವಾಗಿ ಕೊರೆದರು. 1,766 ಮೀಟರ್. ಅಡಿಯಲ್ಲಿ ಹೇಳಿದರೆ 5,800ರ ಹತ್ತಿರ. ಕೋಲಾರದ ಕಡೆ ಸಾವಿರ, ಸಾವಿರದೈನೂರು ಅಡಿ ಕೊರೆಸಿ ಸಾಲ ಮಾಡಿಕೊಂಡವರು ಈ ಸಭೆಯಲ್ಲಿ ಇರಬಹುದು. ನಿಮಗೆ ಈ ಅಂಕಿ ಅರ್ಥವಾಗುತ್ತದೆ.

ಮೊದಲ 444 ಮೀಟರ್ ಉಲ್ಕೆ ಬಿದ್ದ ಮೇಲೆ ಕೂತ ಪದರಗಳು. ಅಂದರೆ 3.5 ಕೋಟಿ ವರ್ಷದ ಕೆಲಸ. ಅದರ ಕೆಳಗೆ 650 ಮೀಟರ್‌ನಷ್ಟು ಕಲಸಿದ ಮಣ್ಣು, ಜರಿದು ಬಿದ್ದ ಹೆಂಟೆಗಳು. ಇದು ಬಹಳ ಬೇಗ ಆದ ಕೆಲಸ. ಆಮೇಲೆ ಗ್ರಾನೈಟ್ ಸಿಕ್ಕಿತು. ತಳ ಬಂತು ಅಂದುಕೊಳ್ಳಬೇಕು, ಅಲ್ವಾ? ನಮ್ಮ ರಿಗ್‌ನವರಾದರೆ "ಬಂಡೆ ಬಂತು" ಅಂದುಬಿಡುತ್ತಾರೆ. 275 ಮೀಟರ್ ಗ್ರಾನೈಟ್ ಕೊರೆದು ಮುಗಿಸಿದರೆ ಅದರ ಕೆಳಗೆ ಮತ್ತೆ ಮರಳು! ಆ ಗ್ರಾನೈಟ್ ತಳವೇ ಅಲ್ಲ. 275 ಮೀಟರ್ ದಪ್ಪದ ಬಂಡೆ ಕಿತ್ತುಕೊಂಡು, ಕಿಲೋಮೀಟರ್‌ಗಟ್ಟಲೆ ಜಾರಿ ಬಂದು ಅಲ್ಲಿ ಕೂತಿತ್ತು. ಒಂದು ಬೆಟ್ಟ ಜಾರುವುದು ಅಂದರೆ ಏನು ಅಂತ ಯೋಚಿಸಿ. ನಾನು ಎಷ್ಟೋ ಸಲ ಈ ಕೋರ್‌ನ ಪಟ್ಟಿ ನೋಡಿದ್ದೇನೆ, ಈ ಸಾಲಿಗೆ ಬಂದಾಗ ಪ್ರತಿ ಸಲ ನಿಲ್ಲುತ್ತೇನೆ. ಅದರ ಕೆಳಗೆ ಕರಗಿದ ಗಾಜು ಬೆರೆತ ಚೂರುಕಲ್ಲು, ಕೊನೆಗೆ ಬಿರುಕುಬಿಟ್ಟ ಹಳೇ ಬಂಡೆ.

ಈಗ ಉಪ್ಪು ನೀರಿಗೆ ವಾಪಸ್ ಬರೋಣ. ಸಮುದ್ರದ ಒಂದು ಲೀಟರ್ ನೀರಲ್ಲಿ ಸುಮಾರು 35 ಗ್ರಾಂ ಉಪ್ಪು. ಕುಳಿಯ ಆಳದ ನೀರಲ್ಲಿ ಅದರ ಎರಡರಷ್ಟು. ಈಗಿನ ಸಮುದ್ರ ನುಗ್ಗಿದ್ದಾದರೆ ಅಷ್ಟು ಉಪ್ಪು ಎಲ್ಲಿಂದ ಬರಬೇಕು? ಉಲ್ಕೆಯ ಬಿಸಿಗೆ ನೀರು ಕುದ್ದು ಉಪ್ಪು ಉಳಿದಿರಬೇಕು ಎಂದು ಕೆಲವರು ಯೋಚಿಸಿದ್ದರು. ನೋಡಲು ಚೆನ್ನಾದ ಉತ್ತರ. ಆದರೆ ವಾರ್ಡ್ ಸ್ಯಾನ್‌ಫೋರ್ಡ್ ಮತ್ತು ಜೊತೆಯವರು ಐರ್‌ವಿಲ್ ನೀರಿನ ರಸಾಯನ ಪರೀಕ್ಷಿಸಿ 2013ರಲ್ಲಿ ಬೇರೆಯೇ ಉತ್ತರ ಕೊಟ್ಟರು. ಈ ನೀರು 10ರಿಂದ 14.5 ಕೋಟಿ ವರ್ಷ ಹಳೆಯದು. ಉಲ್ಕೆಗಿಂತಲೂ ಹಿಂದಿನದು, ಡೈನೊಸಾರ್‌ಗಳ ಕಾಲದ್ದು. ಆಗ ಉತ್ತರ ಅಟ್ಲಾಂಟಿಕ್ ಇನ್ನೂ ಹೊಸದಾಗಿ ಬಾಯಿ ತೆರೆಯುತ್ತಿದ್ದ ಇಕ್ಕಟ್ಟಾದ ಸಮುದ್ರ. ಅದರ ನೀರೇ ಅಷ್ಟು ಉಪ್ಪಾಗಿತ್ತು. ಆ ನೀರು ಮರಳಿನ ಪದರಗಳಲ್ಲಿ ನಿಂತಿತ್ತು. ಬೇರೆ ಕಡೆಗಳಲ್ಲಿ ಕಾಲಾಂತರದಲ್ಲಿ ಸಿಹಿನೀರು ಹರಿದು ಅದನ್ನು ತೊಳೆದುಹಾಕಿತು. ಇಲ್ಲಿ ಉಲ್ಕೆ ಪದರಗಳನ್ನೆಲ್ಲ ಕಲಸಿ, ನೀರು ಹರಿಯುವ ದಾರಿಗಳನ್ನೇ ಮುಚ್ಚಿಬಿಟ್ಟಿತು. ಸಿಹಿನೀರು ಒಳಗೆ ಬರಲಿಲ್ಲ, ಉಪ್ಪು ನೀರು ಹೊರಗೆ ಹೋಗಲಿಲ್ಲ. ಅಮ್ಮ ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಇಟ್ಟ ಹಾಗೆ.

ಅಂದರೆ ಉಲ್ಕೆ ಉಪ್ಪು ತರಲಿಲ್ಲ. ಇದ್ದ ಉಪ್ಪು ಹೋಗದಂತೆ ನೋಡಿಕೊಂಡಿತು. ಈ ವ್ಯತ್ಯಾಸ ನೆನಪಿಡಿ, ಪತ್ರಿಕೆಗಳಲ್ಲಿ ಇದನ್ನು ತಿರುಗಾಮುರುಗಾ ಬರೆದಿರುತ್ತಾರೆ.

ಕೊಲ್ಲಿ ಮತ್ತು ಕುಳಿ ಒಂದೇ ಜಾಗದಲ್ಲಿರುವುದರ ಬಗ್ಗೆ ಹೇಳುತ್ತೇನೆ ಅಂದಿದ್ದೆ. ಹೊಸ ಮನೆ ಕಟ್ಟುವಾಗ ತುಂಬಿಸಿದ ಮಣ್ಣು ಒಂದೆರಡು ಮಳೆಗೆ ಕೂರುತ್ತದೆ, ಗಟ್ಟಿ ನೆಲ ಕೂರುವುದಿಲ್ಲ. ಕುಳಿಯ ಒಳಗಿನದು ತುಂಬಿಸಿದ ಮಣ್ಣು. ಸುತ್ತಲಿನದಕ್ಕಿಂತ ಜಾಸ್ತಿ ಕೂರುತ್ತಾ ಬಂತು. ಹಾಗಾಗಿ ಮೇಲೆ ಎಷ್ಟು ಪದರ ಬಿದ್ದರೂ ಆ ಜಾಗ ಸ್ವಲ್ಪ ತಗ್ಗಾಗಿಯೇ ಉಳಿಯಿತು. ನೀರು ತಗ್ಗನ್ನು ಹುಡುಕುತ್ತದೆ. ಮ್ಯಾಪ್ ತೆಗೆದು ನೋಡಿ. ರ‍್ಯಾಪಹ್ಯಾನಕ್ ನದಿ ಆಗ್ನೇಯಕ್ಕೆ ನೆಟ್ಟಗೆ ಹರಿದು ಬರುತ್ತದೆ. ಅದರ ದಕ್ಷಿಣದ ಯಾರ್ಕ್ ಮತ್ತು ಜೇಮ್ಸ್ ಕೂಡ ಹಾಗೇ ಬರುತ್ತಿದ್ದು, ಕೊನೆಯಲ್ಲಿ ಈಶಾನ್ಯಕ್ಕೆ ತಿರುಗುತ್ತವೆ. ಕುಳಿಯ ಕಡೆಗೆ. ನದಿಗಳಿಗೆ ಗೊತ್ತಿದ್ದದ್ದು ನಮಗೆ ಗೊತ್ತಾಗಲು 1994 ಬೇಕಾಯಿತು.

ಅಲ್ಲಿ ನೆಲ ಈಗಲೂ ಕುಸಿಯುತ್ತಿದೆ. ಹ್ಯಾಂಪ್ಟನ್ ರೋಡ್ಸ್ ಅನ್ನುವ ಪ್ರದೇಶದಲ್ಲಿ ನಾರ್ಫೋಕ್ ನಗರವಿದೆ, ಜಗತ್ತಿನ ಅತಿ ದೊಡ್ಡ ನೌಕಾನೆಲೆ ಇದೆ. ಅಲ್ಲಿ ವರ್ಷಕ್ಕೆ ಕೆಲವು ಮಿಲಿಮೀಟರ್ ನೆಲ ಇಳಿಯುತ್ತದೆ, ಸಮುದ್ರ ಏರುತ್ತದೆ. ಇದಕ್ಕೆಲ್ಲ ಉಲ್ಕೆಯೇ ಕಾರಣ ಅಂತ ಹೇಳುವವರಿದ್ದಾರೆ. ಕೇಳಲು ರೋಚಕ. ಆದರೆ ಲೆಕ್ಕ ಹಾಕಿದವರ ಪ್ರಕಾರ ಅರ್ಧಕ್ಕಿಂತ ಹೆಚ್ಚು ಇಳಿತಕ್ಕೆ ಕಾರಣ ನಾವೇ, ಅಂದರೆ ಅಂತರ್ಜಲ ಎತ್ತುವುದು. ನೀರು ತೆಗೆದರೆ ಜೇಡಿ ಪದರ ಹಿಂಡಿದ ಹಾಗೆ ತೆಳುವಾಗುತ್ತದೆ. ಹಿಮಯುಗದ ಮಂಜಿನ ಭಾರ ಹೋದದ್ದರ ಪರಿಣಾಮವೂ ಇದೆ. ಕುಳಿಯ ಪಾಲು ಎಷ್ಟು ಅನ್ನುವುದರಲ್ಲಿ ಭೂವಿಜ್ಞಾನಿಗಳಿಗೆ ಒಮ್ಮತ ಇಲ್ಲ. 3.5 ಕೋಟಿ ವರ್ಷದ ಹಿಂದಿನ ಬಂಡೆಯ ತಲೆಗೆ ತಪ್ಪು ಕಟ್ಟುವುದು ಬಹಳ ಅನುಕೂಲ, ಅದು ವಾಪಸ್ ಮಾತಾಡುವುದಿಲ್ಲ.

ಡೈನೊಸಾರ್ ಸತ್ತದ್ದು ಇದರಿಂದಲಾ ಅಂತ ಈ ಮೇಷ್ಟ್ರು ಆಗಲೇ ಚೀಟಿ ಕಳಿಸಿದ್ದಾರೆ. ಅಲ್ಲ. ಅದು ಮೆಕ್ಸಿಕೊದ ಚಿಕ್ಸುಲೂಬ್, 6.6 ಕೋಟಿ ವರ್ಷದ ಹಿಂದಿನದು, ಇದಕ್ಕಿಂತ ಎರಡರಷ್ಟು ಅಗಲ. ಅದೂ ಹೂತುಹೋದ ಕುಳಿಯೇ, ಸುಣ್ಣದಕಲ್ಲಿನ ಕೆಳಗೆ. ಚೆಸಪೀಕ್ ಬಂಡೆ ಬಿದ್ದ ಕಾಲದಲ್ಲಿ ಅಂಥ ಸಾಮೂಹಿಕ ಅಳಿವೇನೂ ಆಗಲಿಲ್ಲ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಸೈಬೀರಿಯಾದ ಪೊಪಿಗಾಯ್‌ನಲ್ಲಿ ಇನ್ನೂ ದೊಡ್ಡದೊಂದು ಬಿದ್ದಿತ್ತು. ಆದರೂ ಜೀವಿಗಳು ಹೇಗೋ ಪಾರಾದವು. ಜೀವ ಉಳಿಯಬೇಕಾದರೆ ಉಲ್ಕೆಯ ಗಾತ್ರದಷ್ಟೇ ಅದು ಬಿದ್ದ ನೆಲವೂ ಮುಖ್ಯ. ಅದು ಇನ್ನೊಂದು ದಿನದ ಮಾತು.

ಹಿಂದಿನಿಂದ ಒಬ್ಬರು ಅಮ್ಮ ಕೇಳುತ್ತಿದ್ದಾರೆ: "ಅಷ್ಟು ಉಪ್ಪು ನೀರಿಟ್ಟುಕೊಂಡು ಆ ಜನ ಕುಡಿಯೋದು ಏನನ್ನ?" ಒಳ್ಳೆಯ ಪ್ರಶ್ನೆ ತಾಯಿ. ಕೆರೆಕಟ್ಟೆಗಳಿವೆ, ಜಲಾಶಯಗಳಿವೆ. ನ್ಯೂಪೋರ್ಟ್ ನ್ಯೂಸ್ ನಗರದವರು ಸ್ವಲ್ಪ ಉಪ್ಪಾದ ಅಂತರ್ಜಲವನ್ನೇ ಎತ್ತಿ ಆರ್‌ಒ ಮಾಡುತ್ತಾರೆ, ನಿಮ್ಮ ಅಡುಗೆಮನೆಯ ಯಂತ್ರ ಮಾಡುವ ಕೆಲಸವೇ, ಊರಿನಷ್ಟು ದೊಡ್ಡದಾಗಿ. ಜೊತೆಗೆ ಇನ್ನೊಂದು ಪ್ರಯೋಗ ನಡೆದಿದೆ. ಹ್ಯಾಂಪ್ಟನ್ ರೋಡ್ಸ್‌ನ ಚರಂಡಿ ನೀರಿನ ಸಂಸ್ಥೆ 2018ರಲ್ಲಿ ಒಂದು ಕೇಂದ್ರ ಶುರುಮಾಡಿತು. ಬಳಸಿದ ನೀರನ್ನು ಕುಡಿಯುವ ಮಟ್ಟಕ್ಕೆ ಶುದ್ಧ ಮಾಡಿ, ಬಾವಿಯ ಮೂಲಕ ಭೂಮಿಯ ಆಳಕ್ಕೆ ವಾಪಸ್ ಇಳಿಸುವುದು. ನೆಲ ಕುಸಿಯುವುದು ನಿಧಾನವಾಗಲಿ, ಉಪ್ಪು ನೀರು ಈ ಕಡೆ ಬರದಿರಲಿ ಅಂತ. ಅದೇ 2018ರಲ್ಲಿ ನಮ್ಮಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಕೋಲಾರದ ಕೆರೆಗಳಿಗೆ ಬಂತು. ನಾವು ಅಷ್ಟು ಶುದ್ಧ ಮಾಡುವುದಿಲ್ಲ, ಬಾವಿಗೆ ನೇರ ಬಿಡುವುದೂ ಇಲ್ಲ. ಕೆರೆಗೆ ಬಿಟ್ಟು, ಮಿಕ್ಕಿದ್ದನ್ನು ಮಣ್ಣಿಗೆ ವಹಿಸಿದ್ದೇವೆ. ಕೋಲಾರದವರು ಇಲ್ಲಿದ್ದೀರಲ್ಲ, ನೀರು ಹೇಗಿದೆ ಅಂತ ನೀವೇ ಹೇಳಿ. ಮೈಕ್ ಆ ಕಡೆ ಕೊಡಿ.